ಬಾಗಿಲ ಮೇಲೆ ‘ನಾಳೆ ಬಾ’

ಐಟಿ ಕಂಪನಿಗಳಲ್ಲಿ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ತರಬೇತಿಗೆ ಕೂತವರ ಕಿವಿಗೆ ‘ಸ್ಟೂಡೆಂಟ್ ಸಿಂಡ್ರೋಮ್’ ಎಂಬ ಮಾತು ಬಿದ್ದೇ ಇರುತ್ತದೆ. ಎಲಿಯಾಹು ಗೋಲ್ಡ್‌ರ್ಯಾಟ್ 1997ರಲ್ಲಿ ಬರೆದ ‘ಕ್ರಿಟಿಕಲ್ ಚೈನ್’ ಎಂಬ ಪುಸ್ತಕದಿಂದ ಚಾಲ್ತಿಗೆ ಬಂದ ಮಾತದು. ಐದು ದಿನದ ಕೆಲಸಕ್ಕೆ ಹದಿನೈದು ದಿನ ಕೊಟ್ಟರೆ ಮೊದಲ ಹತ್ತು ದಿನ ಯಾರೂ ಅದನ್ನು ಮುಟ್ಟುವುದಿಲ್ಲ. ಆಮೇಲೆ ಶುರು ಮಾಡುತ್ತಾರೆ, ಹನ್ನೆರಡನೇ ದಿನ ಏನೋ ತೊಡಕು ಬರುತ್ತದೆ, ಹದಿನೈದನೇ ದಿನ ‘ಇನ್ನೂ ಮೂರು ದಿನ ಕೊಡಿ’ ಎಂದು ಬಂದು ನಿಲ್ಲುತ್ತಾರೆ. ಹೆಚ್ಚುವರಿಯಾಗಿ ಕೊಟ್ಟ ಸಮಯ ಕೊನೆಗೆ ಉಳಿಯುವುದಿಲ್ಲ, ಮೊದಲಿಗೇ ಖರ್ಚಾಗಿಬಿಡುತ್ತದೆ ಎಂಬುದು ತಾತ್ಪರ್ಯ. ಈ ರೋಗಕ್ಕೆ ಮ್ಯಾನೇಜರ್ ಸಿಂಡ್ರೋಮ್ ಅಂತಲೂ ಹೆಸರಿಡಬಹುದಿತ್ತು. ಆ ಬಿರುದಿಗೆ ಅರ್ಹರಾದವರು ನಮ್ಮ ಆಫೀಸುಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೂ ಹೆಸರು ಬಿದ್ದಿದ್ದು ಪಾಪ, ವಿದ್ಯಾರ್ಥಿಗಳ ತಲೆಗೆ.

ಪುಣೆಯಲ್ಲಿರುವ ನಮಗೆ ಇದರ ದರ್ಶನ ವರ್ಷಕ್ಕೆ ಎರಡು ಸಲ ಆಗುತ್ತದೆ. ಸೆಮಿಸ್ಟರ್ ಮುಗಿಯಲು ಬಂದಾಗ ಎಂಜಿನಿಯರಿಂಗ್ ಕಾಲೇಜುಗಳ ಸುತ್ತಲಿನ ಝೆರಾಕ್ಸ್ ಅಂಗಡಿಗಳ ಮುಂದೆ ರಾತ್ರಿ ಹನ್ನೊಂದಕ್ಕೂ ಜನ. ಇಡೀ ಅವಧಿಯ ಜರ್ನಲ್, ಅಸೈನ್‌ಮೆಂಟು, ಡ್ರಾಯಿಂಗ್ ಶೀಟು ಎಲ್ಲವೂ ಒಂದೇ ವಾರದಲ್ಲಿ ಹುಟ್ಟಬೇಕು. ಇದಕ್ಕೆ ಇಲ್ಲಿ ‘ಸಬ್‌ಮಿಷನ್’ ಎಂದು ಹೆಸರು, ಒಂದು ನಮೂನೆ ಜಾತ್ರೆಯೇ. ಈ ಜಾತ್ರೆಗೆ ತನ್ನದೇ ಭಾಷೆಯಿದೆ. ಗಾಜಿನ ಕೆಳಗೆ ಬಲ್ಬು ಇಟ್ಟು ಗೆಳೆಯನ ಡ್ರಾಯಿಂಗ್ ಶೀಟನ್ನು ತನ್ನ ಹಾಳೆಗೆ ಇಳಿಸುವುದು ‘ಜಿ.ಟಿ.’, ಅಂದರೆ ಗ್ಲಾಸ್ ಟ್ರೇಸಿಂಗ್. ರಾತ್ರಿಯಿಡೀ ಎದ್ದು ಬರೆಯುವುದು ‘ನೈಟ್ ಮಾರೋದು’. ವಿಷಯ ಉಳಿದುಕೊಂಡರೆ ‘ಕೆ.ಟಿ.’, ವರ್ಷವೇ ಹೋದರೆ ‘ವೈ.ಡಿ.’. ಚೆನ್ನೈನ ಓದುಗರಿಗೆ ಇದೇ ಸಂಕಟ ‘ಅರಿಯರ್’ ಎಂಬ ಹೆಸರಲ್ಲಿ ಗೊತ್ತು, ಹೈದರಾಬಾದಿನವರಿಗೆ ‘ಬ್ಯಾಕ್‌ಲಾಗ್’ ಎಂದು.

ತಮಾಷೆಯಾಗಿ ಮಾತಾಡಬಹುದಾದ ಸಂಗತಿ ಇಷ್ಟು. ತಮಾಷೆ ಅಲ್ಲದ್ದು ಮನೆಗಳಲ್ಲಿ ನಡೆಯುತ್ತದೆ. ಮಗ ಅಥವಾ ಮಗಳು ಕೆಲಸ ಮುಂದಕ್ಕೆ ಹಾಕುತ್ತಿದ್ದಾಳೆ ಎಂದು ಗೊತ್ತಾದ ತಕ್ಷಣ ನಮ್ಮ ಬಾಯಿಗೆ ಬರುವ ಮೊದಲ ಪದ ಸೋಮಾರಿ. ಎರಡನೆಯದು ಮೈಗಳ್ಳ. ಉತ್ತರ ಕರ್ನಾಟಕದವರಾದರೆ ಉಡಾಳ. ಮೂರೂ ಚಾರಿತ್ರ್ಯದ ಮೇಲಿನ ತೀರ್ಪುಗಳು. ಆದರೆ ಸೋಮಾರಿಗೂ ಕೆಲಸ ಮುಂದೂಡುವವನಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಸೋಮಾರಿಗೆ ಕೆಲಸ ಮಾಡಬೇಕೆಂಬ ಇರಾದೆಯೇ ಇಲ್ಲ, ಹಾಗಾಗಿ ಅವನು ನೆಮ್ಮದಿಯಾಗಿ ನಿದ್ದೆ ಮಾಡುತ್ತಾನೆ. ಮುಂದೂಡುವವನಿಗೆ ಇರಾದೆ ಇದೆ, ತಡ ಮಾಡಿದರೆ ತನಗೇ ಹಾನಿ ಎಂಬ ಅರಿವೂ ಇದೆ, ಆದರೂ ಕೈ ಹೋಗುವುದಿಲ್ಲ. ಅವನಿಗೆ ಕೆಲಸವೂ ಆಗಿರುವುದಿಲ್ಲ, ನಿದ್ದೆಯೂ ಬರುವುದಿಲ್ಲ. ಇಂಗ್ಲಿಷಿನ ‘ಪ್ರೊಕ್ರ್ಯಾಸ್ಟಿನೇಷನ್’ ಪದದ ಹೊಟ್ಟೆಯಲ್ಲಿರುವುದು ‘ಕ್ರಾಸ್’ ಎಂಬ ಲ್ಯಾಟಿನ್ ಪದ, ನಾಳೆ ಎಂದರ್ಥ. ನಮ್ಮ ‘ಮುಂದೂಡಿಕೆ’ಯಲ್ಲಿ ಆ ಒಳತೋಟಿ ಇಲ್ಲ. ವಿಧಾನಸಭೆಯ ಅಧಿವೇಶನವನ್ನೂ ಮುಂದೂಡುತ್ತಾರೆ, ಅದಕ್ಕಾಗಿ ಸಭಾಧ್ಯಕ್ಷರು ರಾತ್ರಿ ಹೊರಳಾಡಿದ್ದನ್ನು ಕೇಳಿಲ್ಲ.

ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳ ಈ ಅಭ್ಯಾಸವನ್ನು ಗಂಭೀರವಾಗಿ ಅಳೆಯಲು ಶುರು ಮಾಡಿ ನಾಲ್ಕು ದಶಕಗಳಾದವು. 1984ರಲ್ಲಿ ಲಾರಾ ಸೊಲೊಮನ್ ಮತ್ತು ಎಸ್ತರ್ ರಾತ್‌ಬ್ಲಮ್ ಅಮೆರಿಕದ 342 ವಿದ್ಯಾರ್ಥಿಗಳನ್ನು ಕೇಳಿದಾಗ, ಪ್ರಬಂಧ ಬರೆಯುವ ಕೆಲಸವನ್ನು ಯಾವಾಗಲೂ ಅಥವಾ ಹೆಚ್ಚುಕಮ್ಮಿ ಯಾವಾಗಲೂ ಮುಂದಕ್ಕೆ ಹಾಕುತ್ತೇವೆ ಎಂದವರು ಶೇ. 46. ಪರೀಕ್ಷೆಗೆ ಓದುವ ವಿಷಯದಲ್ಲಿ ಹಾಗೆಂದವರು ಶೇ. 28ರ ಹತ್ತಿರ. ಬರವಣಿಗೆಯ ಕೆಲಸವೇ ಎಲ್ಲಕ್ಕಿಂತ ಹೆಚ್ಚು ಮುಂದಕ್ಕೆ ಹೋಗುತ್ತದೆ ಎಂಬುದನ್ನು ಗಮನಿಸಿ, ಈ ವಿಷಯಕ್ಕೆ ಮತ್ತೆ ಬರುತ್ತೇನೆ. ಯಾಕೆ ಮುಂದೂಡುತ್ತೀರಿ ಎಂದು ಕೇಳಿದಾಗ ಎರಡು ಕಾರಣಗಳು ಎದ್ದು ಕಂಡವು. ಒಂದು, ಆ ಕೆಲಸವೇ ಬೇಸರ ಹುಟ್ಟಿಸುತ್ತದೆ. ಇನ್ನೊಂದು, ಸೋಲಿನ ಭಯ. ಸಮಯ ನಿರ್ವಹಣೆ ಬರುವುದಿಲ್ಲ ಎಂಬುದಷ್ಟೇ ಇದರ ಕಥೆಯಲ್ಲ ಎಂದು ಅವರು ಆಗಲೇ ಬರೆದರು. ಆದರೂ ನಮ್ಮ ಕಾಲೇಜುಗಳು ಇವತ್ತಿಗೂ ಮೊದಲ ವರ್ಷದವರನ್ನು ಸಭಾಂಗಣದಲ್ಲಿ ಕೂರಿಸಿ ಟೈಮ್ ಮ್ಯಾನೇಜ್‌ಮೆಂಟ್ ಕುರಿತು ಪಿಪಿಟಿ ತೋರಿಸುತ್ತವೆ.

ನನಗೆ ಈ ಸಂಗತಿ ಪುಸ್ತಕದಿಂದ ಹೊರಗೆ ಕಂಡದ್ದು ಊರ ಕಡೆಯ ಒಬ್ಬ ಹುಡುಗನ ಮೂಲಕ. ಹೆಸರು ಬೇಡ. ವಿಜಯಪುರ ಜಿಲ್ಲೆಯವನು, ಇಲ್ಲಿ ಎಂಸಿಎ ಓದಲು ಬಂದಿದ್ದ, ಭಾನುವಾರ ನಮ್ಮನೆಗೆ ರೊಟ್ಟಿ ಊಟಕ್ಕೆ ಬರುತ್ತಿದ್ದ. ಕೊನೆಯ ಸೆಮಿಸ್ಟರಿನಲ್ಲಿ ಬರುವುದು ನಿಂತಿತು. ಅವರಪ್ಪನ ಫೋನು ಬಂತು: “ನಾಕ ದಿನಾತ್ರಿ, ಫೋನ್ ಎತ್ತವಲ್ಲ. ನಮ್ಮ ಮಾತು ಅಂವಗ ನಾಟಂಗಿಲ್ಲ. ನೀವು ಅಲ್ಲೇ ಅದೀರಿ, ಒಂದೀಟು ಬುದ್ಧಿ ಹೇಳ್ರಿ.” ಕ್ಯಾಂಪಸ್ಸಿನಲ್ಲಿ ಅವನಿಗೆ ಕೆಲಸ ಸಿಕ್ಕಿತ್ತು. ಎಲ್ಲ ವಿಷಯ ಪಾಸಾಗಿರಬೇಕು ಎಂಬ ಷರತ್ತು ಆಫರ್ ಲೆಟರಿನಲ್ಲೇ ಇತ್ತು. ಉಳಿದಿದ್ದು ಪ್ರಾಜೆಕ್ಟ್ ರಿಪೋರ್ಟ್ ಒಂದೇ.

ಹೋಗಿ ನೋಡಿದರೆ ಹುಡುಗ ಸೋಮಾರಿಯ ಹಾಗೆ ಏನೂ ಕಾಣಲಿಲ್ಲ. ಕೋಣೆ ಕನ್ನಡಿಯ ಹಾಗೆ ಗುಡಿಸಿತ್ತು, ಬಟ್ಟೆಯೆಲ್ಲ ಒಗೆದು ಒಣಗಿಸಿತ್ತು. ಪ್ರಾಜೆಕ್ಟಿನ ಕೋಡ್ ಮುಗಿದು ಎರಡು ತಿಂಗಳಾಗಿತ್ತು, ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಓಡುತ್ತಿತ್ತು. ರಾತ್ರಿ ಮೂರರವರೆಗೆ ಕೂತು ಗೆಳೆಯರ ಪ್ರೋಗ್ರಾಮುಗಳಲ್ಲಿನ ದೋಷ ಸರಿ ಮಾಡಿಕೊಡುತ್ತಿದ್ದ. ರಿಪೋರ್ಟಿನ ಫೈಲಿನಲ್ಲಿ ಮಾತ್ರ ಶೀರ್ಷಿಕೆ ಮತ್ತು ಮೂರು ಸಾಲು. ಗೈಡ್ ಕಳಿಸಿದ್ದ ಮೇಲ್‌ಗಳನ್ನು ಅವನು ತೆರೆದೇ ಇರಲಿಲ್ಲ.

“ಕಾಕಾ, ಆ ಫೈಲ್ ತಗದ್ರ ಎದಿ ಢವಢವ ಅಂತೈತ್ರಿ. ಮುಚ್ಚಿದ್ರ ಆರಾಮ ಅನಸ್ತೈತಿ” ಅಂದ.

ಈ ಒಂದು ಮಾತಿನಲ್ಲಿ ಕಳೆದ ಇಪ್ಪತ್ತೈದು ವರ್ಷಗಳ ಸಂಶೋಧನೆಯ ಸಾರವಿದೆ ಎಂದರೆ ನೀವು ನಂಬಬೇಕು. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದ ಟಿಮೊಥಿ ಪಿಚಿಲ್ ಮತ್ತು ಅವರೊಂದಿಗೆ ಕೆಲಸ ಮಾಡಿದ ಫ್ಯೂಷಿಯಾ ಸಿರ್ವಾ 2013ರ ಒಂದು ಲೇಖನದಲ್ಲಿ ಇದನ್ನೇ ವಾದಿಸಿದರು. ಮುಂದೂಡುವುದು ಸಮಯದ ಸಮಸ್ಯೆಯಲ್ಲ, ಭಾವನೆಯ ಸಮಸ್ಯೆ. ಒಂದು ಕೆಲಸ ನೆನೆಸಿಕೊಂಡರೆ ಭಯ, ಬೇಸರ, ಅವಮಾನ, ಗೊಂದಲ ಹುಟ್ಟುತ್ತದೆ. ಆ ಕೆಲಸದಿಂದ ದೂರ ಸರಿದ ಕ್ಷಣ ಅದು ಇಳಿಯುತ್ತದೆ. ಮನಸ್ಸಿಗೆ ಸಿಕ್ಕ ಈ ಇಳಿತವೇ ಬಹುಮಾನ. ಬಹುಮಾನ ಸಿಕ್ಕ ವರ್ತನೆಯನ್ನು ಮನಸ್ಸು ಮತ್ತೆ ಮಾಡುತ್ತದೆ. ನಾಳೆ ಫೈಲು ತೆಗೆಯುವಾಗ ಹಳೆಯ ಭಯದ ಜೊತೆಗೆ ‘ನಿನ್ನೆಯೂ ಮಾಡಲಿಲ್ಲ’ ಎಂಬ ನಾಚಿಕೆಯೂ ಸೇರಿಕೊಂಡಿರುತ್ತದೆ, ಹಾಗಾಗಿ ಮುಚ್ಚಿದಾಗ ಸಿಗುವ ಆರಾಮ ಇನ್ನೂ ದೊಡ್ಡದು. ನಾಲ್ಕು ಮಾತು ಬೈದರೆ ದಾರಿಗೆ ಬರುತ್ತಾನೆ ಎಂದುಕೊಳ್ಳುವ ಹಿರಿಯರು ಆ ನಾಚಿಕೆಯ ತಟ್ಟೆಗೆ ಇನ್ನೊಂದು ಸೌಟು ಬಡಿಸುತ್ತಿರುತ್ತಾರೆ.

ಕೋಣೆ ಗುಡಿಸಿದ್ದು, ಗೆಳೆಯರ ಕೋಡ್ ಸರಿ ಮಾಡಿದ್ದು ಕೂಡ ಇದಕ್ಕೇ ಹೊಂದುತ್ತದೆ. ಮುಂದೂಡುವವರು ಖಾಲಿ ಕೂರುವುದು ಕಮ್ಮಿ. ಸ್ಟ್ಯಾನ್‌ಫರ್ಡಿನ ತತ್ತ್ವಶಾಸ್ತ್ರದ ಪ್ರಾಧ್ಯಾಪಕ ಜಾನ್ ಪೆರಿ ಇದನ್ನೇ ಒಂದು ವಿದ್ಯೆಯನ್ನಾಗಿ ಮಾಡಿದವರು: ಅತಿ ಮುಖ್ಯವಾದ ಒಂದು ಕೆಲಸವನ್ನು ಪಟ್ಟಿಯ ಮೇಲೆ ಇಟ್ಟುಕೊಂಡರೆ, ಅದನ್ನು ತಪ್ಪಿಸಿಕೊಳ್ಳುವ ಸಲುವಾಗಿ ಕೆಳಗಿನ ಕೆಲಸಗಳೆಲ್ಲ ಚಕಚಕನೆ ಮುಗಿಯುತ್ತವೆ ಎಂದು 1996ರಲ್ಲೇ ಬರೆದರು. ಅದಕ್ಕೆ 2011ರಲ್ಲಿ ಇಗ್ ನೊಬೆಲ್ ಬಹುಮಾನವೂ ಬಂತು. ಪ್ರಾಧ್ಯಾಪಕರಿಗೆ ಇದು ಚೆಂದ. ಜೂನ್ ತಿಂಗಳಲ್ಲಿ ಕೆಲಸಕ್ಕೆ ಸೇರಬೇಕಾದವನಿಗೆ ಅಲ್ಲ.

ಹುಡುಗನಿಗೆ ಭಯ ಯಾತಕ್ಕೆ? ಸ್ವಲ್ಪ ಹೊತ್ತು ಕೂತ ಮೇಲೆ ಹೊರಬಂತು. “ಏನ್ ಬರೀಬೇಕು ಅನ್ನೂದು ಗೊತ್ತೈತ್ರಿ. ಇಂಗ್ಲಿಷ್‌ನಾಗ ನಾ ಬರದಿದ್ದು ನಾನ ಓದಿದ್ರ ನಾಚಿಕಿ ಬರ್ತೈತಿ.” ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ಕೋಡಿಗೆ ವ್ಯಾಕರಣ ಒಂದೇ, ಅಲ್ಲಿ ಇವನು ರಾಜ. ಅರವತ್ತು ಪುಟದ ಇಂಗ್ಲಿಷ್ ಗದ್ಯ ಮಾತ್ರ ಎಲ್ಲರೆದುರು ಬತ್ತಲೆ ನಿಂತ ಹಾಗೆ. ಮನಶ್ಶಾಸ್ತ್ರದ ಪುಸ್ತಕಗಳಲ್ಲಿ ‘ಕೆಲಸದ ಬಗೆಗಿನ ಅಸಹನೆ’ ಎಂದು ಒಂದು ಕಾಲಂ ಇರುತ್ತದಲ್ಲ, ನಮ್ಮ ಕಡೆಯಿಂದ ಮಹಾನಗರಗಳಿಗೆ ಓದಲು ಬರುವ ಮಕ್ಕಳ ವಿಷಯದಲ್ಲಿ ಆ ಕಾಲಂನೊಳಗೆ ಎಷ್ಟೋ ಸಲ ಇಂಗ್ಲಿಷ್ ಕೂತಿರುತ್ತದೆ ಎಂಬುದು ನನ್ನ ಅನುಮಾನ. ಬರವಣಿಗೆಯೇ ಎಲ್ಲಕ್ಕಿಂತ ಹೆಚ್ಚು ಮುಂದಕ್ಕೆ ಹೋಗುತ್ತದೆ ಎಂದಿದ್ದೆನಲ್ಲ. ಮಾತೃಭಾಷೆಯಲ್ಲಿ ಬರೆಯುವವರದೇ ಆ ಗತಿಯಾದರೆ ಇವರದೇನು?

ಸೋಲಿನ ಭಯಕ್ಕೆ ಇನ್ನೊಂದು ಮುಖವಿದೆ. ಅದು ಹೆಚ್ಚು ಕುತಂತ್ರದ್ದು. 1978ರಲ್ಲಿ ಸ್ಟೀವನ್ ಬರ್ಗ್ಲಾಸ್ ಮತ್ತು ಎಡ್ವರ್ಡ್ ಜೋನ್ಸ್ ಎಂಬುವವರು, ತನ್ನ ಸಾಮರ್ಥ್ಯದ ಬಗ್ಗೆ ಅಳುಕಿರುವ ಮನುಷ್ಯ ತನ್ನ ದಾರಿಗೆ ತಾನೇ ಅಡ್ಡಿ ಇಟ್ಟುಕೊಳ್ಳುತ್ತಾನೆ ಎಂದು ತೋರಿಸಿದರು. ಸೋತರೆ ‘ಅಡ್ಡಿ ಇತ್ತು’ ಎನ್ನಬಹುದು, ಗೆದ್ದರೆ ‘ಅಡ್ಡಿ ಇದ್ದರೂ ಗೆದ್ದೆ’ ಎನ್ನಬಹುದು. ವಿದ್ಯಾರ್ಥಿಗೆ ಸಿಗುವ ಅತ್ಯಂತ ಅಗ್ಗದ ಅಡ್ಡಿಯೆಂದರೆ ತಡ. ‘ಒಂದೇ ರಾತ್ರಿ ಓದಿ ಐವತ್ತೈದು ತಗೊಂಡೆ’ ಎಂಬ ಮಾತಿನಲ್ಲಿ ಎಷ್ಟು ಹೆಮ್ಮೆ ಇರುತ್ತದೆ ನೋಡಿ. ತಿಂಗಳಿಡೀ ಓದಿ ಐವತ್ತೈದು ಬಂದಿದ್ದರೆ ಆ ಐವತ್ತೈದು ತನ್ನ ಬುದ್ಧಿಯ ಬೆಲೆಯಾಗಿಬಿಡುತ್ತಿತ್ತು. ಜೋಸೆಫ್ ಫೆರಾರಿ ಮತ್ತು ಡಯಾನ್ ಟೈಸ್ 2000ದಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ನೆನಪಾಗುತ್ತದೆ. ಗಣಿತದ ಒಂದು ಕೆಲಸ ಕೊಟ್ಟು, ಅದಕ್ಕೆ ಮುಂಚೆ ಅಭ್ಯಾಸ ಮಾಡಲು ಸಮಯ ಕೊಟ್ಟರು. ಬೇಡವಾದರೆ ಆಟ ಆಡಿಕೊಂಡಿರಬಹುದಿತ್ತು. ಇದು ನಿಮ್ಮ ಬುದ್ಧಿಶಕ್ತಿಯ ಪರೀಕ್ಷೆ ಎಂದು ಹೇಳಿದಾಗ, ಮುಂದೂಡುವ ಸ್ವಭಾವದವರು ಉಳಿದವರಿಗಿಂತ ಹೆಚ್ಚು ಹೊತ್ತು ಆಟದಲ್ಲಿ ಕಳೆದರು. ಅದೇ ಕೆಲಸವನ್ನು ಸುಮ್ಮನೆ ಮೋಜಿಗೆ ಎಂದು ಹೇಳಿದಾಗ ಅವರಿಗೂ ಉಳಿದವರಿಗೂ ವ್ಯತ್ಯಾಸವೇ ಕಾಣಲಿಲ್ಲ. ಕೆಲಸ ಅದೇ, ಅಳೆಯುವ ತಕ್ಕಡಿ ಎದುರಿಗೆ ಬಂದಾಗ ಮಾತ್ರ ಕಾಲು ಹಿಂದಕ್ಕೆ.

ಈ ತಕ್ಕಡಿ ನಮ್ಮ ಮಕ್ಕಳ ಎದುರಿಗೆ ಎಷ್ಟು ಸಲ ಬರುತ್ತದೆ! ವಲಸೆ ಬಂದ ಮನೆಗಳಲ್ಲಿ ಇದು ಇನ್ನೂ ಭಾರ. ಊರಿಗೇ ಮೊದಲ ಎಂಜಿನಿಯರ್, ಮನೆತನಕ್ಕೇ ಮೊದಲ ಪಿಎಚ್‌ಡಿ ಎಂದು ವಾಟ್ಸ್ಆ್ಯಪ್ ಗುಂಪಿನಲ್ಲಿ ಅಭಿನಂದನೆ ಹರಿದಿರುತ್ತದೆ. ಸೀಟು ಸಿಕ್ಕಾಗಲೇ ಗೆದ್ದಾಗಿದೆ ಎಂದು ಎಲ್ಲರೂ ಘೋಷಿಸಿರುವಾಗ, ಇನ್ನು ಆಗಬಹುದಾದದ್ದು ಸೋಲುವುದೊಂದೇ. ಪರಿಪೂರ್ಣತೆಯ ಹುಚ್ಚಿನಿಂದ ಮಕ್ಕಳು ತಡ ಮಾಡುತ್ತಾರೆ ಎಂಬ ಮಾತು ಜನಪ್ರಿಯ, ಅದು ಅರ್ಧ ಸತ್ಯ. ತಾನೇ ಇಟ್ಟುಕೊಂಡ ಎತ್ತರದ ಗುರಿ ಇರುವವರು ಸಾಮಾನ್ಯವಾಗಿ ಕಮ್ಮಿಯೇ ಮುಂದೂಡುತ್ತಾರೆ. ಬೇರೆಯವರು ಏನೆನ್ನುತ್ತಾರೋ, ತಪ್ಪು ಹಿಡಿಯುತ್ತಾರೋ ಎಂಬ ಚಿಂತೆಯ ಪರಿಪೂರ್ಣತೆ ಇರುವವರು ಹೆಚ್ಚು ಮುಂದೂಡುತ್ತಾರೆ. ಸಿರ್ವಾ ಮತ್ತು ಸಂಗಡಿಗರು 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ ಸಿಕ್ಕಿದ್ದು ಇದೇ.

ಇನ್ನು ‘ನಾಳೆ’ಯ ವಿಷಯ. ತೊಂಬತ್ತರ ದಶಕದಲ್ಲಿ ಬೆಂಗಳೂರು ಮತ್ತು ಸುತ್ತಮುತ್ತ ಮನೆ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದದ್ದು ಈ ಪತ್ರಿಕೆಯ ಅನೇಕ ಓದುಗರಿಗೆ ನೆನಪಿರಬಹುದು. ರಾತ್ರಿ ಗುರುತಿನವರ ದನಿಯಲ್ಲಿ ಕರೆಯುವ ದೆವ್ವ ಬರುತ್ತದೆ, ಓಗೊಟ್ಟು ಬಾಗಿಲು ತೆಗೆದರೆ ಸಾವು; ಬರಹ ಓದಿದರೆ ಹಿಂದಿರುಗಿ, ಮರುದಿನ ಬಂದು ಮತ್ತೆ ಅದೇ ಬರಹ ಓದಿ ಹೋಗುತ್ತದೆ ಎಂಬ ಗುಲ್ಲು. 2018ರ ಹಿಂದಿ ಸಿನಿಮಾ ‘ಸ್ತ್ರೀ’ ಬಂದಾಗ ಇಲ್ಲಿನ ಸಹೋದ್ಯೋಗಿಗಳಿಗೆ, ಇದು ನಮ್ಮ ಕಡೆ ಎಂದೋ ಆಗಿಹೋದ ಕಥೆ ಎಂದು ಹೇಳಿ ಸ್ವಲ್ಪ ಮೆರೆದದ್ದೂ ಉಂಟು. ವಿದ್ಯಾರ್ಥಿಯೂ ತನ್ನ ಕೆಲಸದ ಬಾಗಿಲ ಮೇಲೆ ಇದನ್ನೇ ಬರೆದಿರುತ್ತಾನೆ. ಒಂದೇ ವ್ಯತ್ಯಾಸ, ನಾಳೆ ಬಾಗಿಲು ತೆಗೆಯುವವನು ತಾನಲ್ಲ, ಬೇರೆ ಯಾರೋ ಎಂದು ಅವನ ಮನಸ್ಸು ಲೆಕ್ಕ ಹಾಕಿರುತ್ತದೆ. ಹಾಲ್ ಹರ್ಷ್‌ಫೀಲ್ಡ್ ಎಂಬ ಸಂಶೋಧಕ ಮಿದುಳಿನ ಸ್ಕ್ಯಾನ್‌ಗಳಲ್ಲಿ ಗಮನಿಸಿದ್ದೂ ಇದಕ್ಕೆ ಹತ್ತಿರದ್ದೇ: ಹಲವು ವರ್ಷಗಳ ನಂತರದ ‘ನಾನು’ವನ್ನು ನೆನೆಯುವಾಗಿನ ಚಟುವಟಿಕೆ, ಅಪರಿಚಿತರನ್ನು ನೆನೆಯುವಾಗಿನ ಚಟುವಟಿಕೆಯ ಕಡೆಗೆ ವಾಲುತ್ತದೆ. ಮುಂದಿನ ಸೋಮವಾರದ ‘ನಾನು’ ಹೇಗೂ ಬೆಳಿಗ್ಗೆ ಐದಕ್ಕೆ ಏಳುವವನು, ಫೋನ್ ಮುಟ್ಟದವನು, ಇಂಗ್ಲಿಷ್ ಸರಾಗವಾಗಿ ಬರೆಯುವವನು. ಅಂಥ ಗಟ್ಟಿಗನ ತಲೆಗೆ ಕೆಲಸ ಕಟ್ಟಲು ನಮಗೆ ಸಂಕೋಚವಾದರೂ ಯಾಕೆ?

ಅದರ ಜೊತೆಗೆ ಅಂದಾಜಿನ ತಪ್ಪು. ಸಾಫ್ಟ್‌ವೇರಿನಲ್ಲಿರುವ ನಮಗೆ ಇದು ನಿತ್ಯದ ಊಟ. 1994ರಲ್ಲಿ ರೋಜರ್ ಬ್ಯೂಲರ್ ಮತ್ತು ಸಂಗಡಿಗರು ಕೆನಡಾದ ಆನರ್ಸ್ ವಿದ್ಯಾರ್ಥಿಗಳಿಗೆ, ನಿಮ್ಮ ಪ್ರಬಂಧ ಎಷ್ಟು ದಿನದಲ್ಲಿ ಮುಗಿಯುತ್ತದೆ ಎಂದು ಕೇಳಿದರು. ಸರಾಸರಿ ಅಂದಾಜು 34 ದಿನ. ಎಲ್ಲವೂ ಕೆಟ್ಟರೆ ಎಷ್ಟು ದಿನ ಎಂದಾಗ 49. ನಿಜವಾಗಿ ಹಿಡಿದದ್ದು ಸರಾಸರಿ 55 ದಿನ. ಎಲ್ಲವೂ ಕೆಟ್ಟರೆ ಎಂದು ಕಲ್ಪಿಸಿಕೊಂಡದ್ದಕ್ಕಿಂತಲೂ ಹೆಚ್ಚು! ತಾನು ಹೇಳಿದ ದಿನದೊಳಗೆ ಮುಗಿಸಿದವರು ಮೂರರಲ್ಲಿ ಒಬ್ಬರಿಗಿಂತ ಕಮ್ಮಿ. ಹಿಂದಿನ ಸಲ ಎಷ್ಟು ದಿನ ಹಿಡಿಯಿತು ಎಂಬುದನ್ನು ಮನಸ್ಸು ‘ಅದು ಬೇರೆ ಕಾರಣ’ ಎಂದು ಬದಿಗಿಡುತ್ತದೆ. ಹಾಗಾಗಿ ‘ಇನ್ನೂ ಟೈಮ್ ಇದೆ’ ಎನ್ನುವ ಹುಡುಗಿ ಸುಳ್ಳು ಹೇಳುತ್ತಿಲ್ಲ, ತನ್ನ ಲೆಕ್ಕವನ್ನು ತಾನು ಮನಸಾರೆ ನಂಬಿರುತ್ತಾಳೆ.

ಕ್ಯಾಲ್ಗರಿ ವಿಶ್ವವಿದ್ಯಾಲಯದ ಪಿಯರ್ಸ್ ಸ್ಟೀಲ್ 2007ರಲ್ಲಿ ಅದುವರೆಗಿನ ಸಂಶೋಧನೆಯನ್ನೆಲ್ಲ ಒಂದೆಡೆ ತಂದು, ಕಾಲೇಜು ವಿದ್ಯಾರ್ಥಿಗಳಲ್ಲಿ ಶೇ. 80ರಿಂದ 95ರಷ್ಟು ಮಂದಿ ಒಂದಲ್ಲ ಒಂದು ಮಟ್ಟದಲ್ಲಿ ಮುಂದೂಡುತ್ತಾರೆ ಎಂಬ ಅಂದಾಜು ಕೊಟ್ಟರು. ಇದನ್ನೆಲ್ಲ ಒಂದು ಭಿನ್ನರಾಶಿಯಾಗಿ ಬರೆದರು. ಮೇಲೆ ಎರಡು ಅಂಶ: ಗೆಲ್ಲುತ್ತೇನೆಂಬ ಭರವಸೆ ಮತ್ತು ಗೆದ್ದರೆ ಸಿಗುವುದರ ಬೆಲೆ. ಕೆಳಗೆ ಎರಡು: ಮನಸ್ಸಿನ ಚಂಚಲತೆ ಮತ್ತು ಫಲ ಎಷ್ಟು ದೂರವಿದೆ ಎಂಬುದು. ಮೇಲಿನದು ಚಿಕ್ಕದಾದಷ್ಟೂ, ಕೆಳಗಿನದು ದೊಡ್ಡದಾದಷ್ಟೂ ಕೈ ಓಡುವುದಿಲ್ಲ. ಈಗ ವಿಶ್ವವಿದ್ಯಾಲಯದ ಜೀವನವನ್ನು ಇದರೊಳಗೆ ಇಟ್ಟು ನೋಡಿ. ಪದವಿ ನಾಲ್ಕು ವರ್ಷ ದೂರ. ಪಿಎಚ್‌ಡಿ ಆದರೆ ಯುಜಿಸಿಯ 2022ರ ನಿಯಮದ ಪ್ರಕಾರ ಆರು ವರ್ಷ, ಮರುನೋಂದಣಿ ಮಾಡಿಸಿದರೆ ಇನ್ನೂ ಎರಡು. ಫೋನಿನಲ್ಲಿ ರೀಲ್ಸ್ ಎರಡು ಸೆಕೆಂಡು ದೂರ. ಹದಿಹರೆಯ ದಾಟುತ್ತಿರುವ ಮಿದುಳು, ಮೊದಲ ಬಾರಿ ಮನೆಯಿಂದ ಹೊರಗೆ, ‘ಏಳು, ಓದು’ ಎನ್ನಲು ಅವ್ವ ಇಲ್ಲ. ಇಷ್ಟೆಲ್ಲ ಇದ್ದೂ ಸಮಯಕ್ಕೆ ಸರಿಯಾಗಿ ಒಪ್ಪಿಸುವ ಹುಡುಗರು ಇದ್ದಾರಲ್ಲ, ಅವರನ್ನು ಕುರಿತೇ ಸಂಶೋಧನೆ ನಡೆಯಬೇಕು ಎನಿಸುತ್ತದೆ.

‘ಒತ್ತಡ ಇದ್ರೇನೇ ನಂಗೆ ಕೆಲಸ ಆಗೋದು’ ಎನ್ನುವವರಿಗೆ ಒಂದು ಮಾತು. ಓಹಾಯೋದ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದಲ್ಲಿ ಟೈಸ್ ಮತ್ತು ರಾಯ್ ಬೌಮೈಸ್ಟರ್ ವಿದ್ಯಾರ್ಥಿಗಳನ್ನು ಸೆಮಿಸ್ಟರಿನ ಉದ್ದಕ್ಕೂ ಹಿಂಬಾಲಿಸಿದರು, 1997ರ ಲೇಖನ. ಮೊದಮೊದಲು ಮುಂದೂಡುವವರೇ ಸುಖಿಗಳು, ಒತ್ತಡವೂ ಕಮ್ಮಿ, ಕಾಯಿಲೆಯೂ ಕಮ್ಮಿ. ಅವಧಿ ಮುಗಿಯುವ ಹೊತ್ತಿಗೆ ಲೆಕ್ಕ ತಿರುಗಿತು. ಒತ್ತಡ, ಕಾಯಿಲೆ ಎರಡೂ ಅವರಲ್ಲೇ ಹೆಚ್ಚು, ಒಟ್ಟು ಮೊತ್ತದಲ್ಲೂ ಅವರೇ ಹೆಚ್ಚು ಕಾಯಿಲೆ ಬಿದ್ದವರು, ಅಂಕವೂ ಕಮ್ಮಿ. ಒತ್ತಡದಲ್ಲಿ ಕೆಲಸ ಆಗುತ್ತದೆ ಎಂಬುದು ನಿಜ. ಚೆನ್ನಾಗಿ ಆಗುತ್ತದೆ ಎಂಬುದಕ್ಕೆ ಆಧಾರ ಇಲ್ಲ.

ಹಾಗಾದರೆ ಏನು ಮಾಡಬೇಕು? ಡಬ್ಬಿಯಲ್ಲಿ ಫೋನ್ ಇಟ್ಟು ಬೀಗ ಹಾಕುವುದು, ಇಪ್ಪತ್ತೈದು ನಿಮಿಷದ ಗಡಿಯಾರ ಇತ್ಯಾದಿಗಳ ಬಗ್ಗೆ ಯೂಟ್ಯೂಬಿನಲ್ಲಿ ಸಾಕಷ್ಟಿದೆ, ಆ ವಿಡಿಯೋಗಳನ್ನು ನೋಡುವುದೇ ಮುಂದೂಡುವ ಒಂದು ಉತ್ತಮ ವಿಧಾನ. ನನಗೆ ಮುಖ್ಯವೆನಿಸಿದ ಎರಡು ಸಂಗತಿ ಮಾತ್ರ ಹೇಳುತ್ತೇನೆ.

ಮೊದಲನೆಯದು ನಮ್ಮ ಸಂಸ್ಕಾರಕ್ಕೆ ಸ್ವಲ್ಪ ಇರುಸುಮುರುಸಾಗುವಂಥದು. ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲೇ ಮೈಕಲ್ ವೋಲ್, ಪಿಚಿಲ್ ಮತ್ತು ಶಾನನ್ ಬೆನೆಟ್ 2010ರಲ್ಲಿ ಪ್ರಕಟಿಸಿದ ಅಧ್ಯಯನವದು, ಮೊದಲ ವರ್ಷದ 119 ವಿದ್ಯಾರ್ಥಿಗಳ ಮೇಲೆ. ಮೊದಲ ಪರೀಕ್ಷೆಗೆ ಓದುವುದನ್ನು ಮುಂದೂಡಿದ್ದಕ್ಕೆ ತಮ್ಮನ್ನು ತಾವು ಕ್ಷಮಿಸಿಕೊಂಡವರು ಎರಡನೆಯ ಪರೀಕ್ಷೆಗೆ ಕಮ್ಮಿ ಮುಂದೂಡಿದರು. ತಮ್ಮನ್ನೇ ಹಳಿದುಕೊಳ್ಳುತ್ತ ಕೂತವರು ಅಷ್ಟು ಸುಧಾರಿಸಲಿಲ್ಲ. ತಪ್ಪು ಮಾಡಿದವನಿಗೆ ನೋವಾಗಲೇಬೇಕು, ಆಗಲೇ ಬುದ್ಧಿ ಬರುವುದು ಎಂದು ಬೆಳೆದ ನಮಗೆ ಇದು ಸಲಿಗೆ ಕೊಟ್ಟಂತೆ ಕಾಣುತ್ತದೆ. ಆದರೆ ಮೇಲೆ ಹೇಳಿದ ಸರಪಳಿಯನ್ನು ನೆನೆದರೆ ತರ್ಕ ಸರಿಹೋಗುತ್ತದೆ. ಫೈಲು ತೆರೆದಾಗ ಎದ್ದು ಬರುವ ನಾಚಿಕೆ ಇಳಿದರೆ ಫೈಲು ತೆರೆಯುವುದು ಸುಲಭ.

ಎರಡನೆಯದು ಜರ್ಮನಿಯ ಪೀಟರ್ ಗೋಲ್‌ವಿಟ್ಸರ್ ಅವರದು. ಕ್ರಿಸ್‌ಮಸ್ ಹಿಂದಿನ ಸಂಜೆ ಹೇಗೆ ಕಳೆದಿರಿ ಎಂದು 48 ಗಂಟೆಯೊಳಗೆ ಬರೆದು ಕಳಿಸಿ ಎಂದು ವಿದ್ಯಾರ್ಥಿಗಳಿಗೆ ಹೇಳಿದರು. ಅರ್ಧ ಜನರಿಗೆ, ಎಲ್ಲಿ ಕೂತು ಯಾವಾಗ ಬರೆಯುತ್ತೀರಿ ಎಂಬುದನ್ನು ಮೊದಲೇ ಗೊತ್ತು ಮಾಡಿಕೊಳ್ಳಿ ಎಂದರು. ಹಾಗೆ ಗೊತ್ತು ಮಾಡಿಕೊಂಡವರಲ್ಲಿ ಸುಮಾರು ಮುಕ್ಕಾಲು ಪಾಲು ಮಂದಿ ಸಮಯಕ್ಕೆ ಕಳಿಸಿದರು, ಉಳಿದವರಲ್ಲಿ ಸುಮಾರು ಮೂರನೇ ಒಂದು ಪಾಲು. ‘ಈ ವಾರ ರಿಪೋರ್ಟ್ ಮುಗಿಸ್ತೀನಿ’ ಎಂಬುದು ಆಸೆ. ‘ನಾಷ್ಟಾ ಆದ ಮೇಲೆ ಲೈಬ್ರರಿಯಲ್ಲಿ ಕೂತು ಎರಡನೇ ಅಧ್ಯಾಯದ ಮೊದಲ ಪ್ಯಾರಾ ಬರೀತೀನಿ’ ಎಂಬುದು ಏರ್ಪಾಡು.

ನಮ್ಮ ಹುಡುಗನ ವಿಷಯದಲ್ಲಿ ನಡೆದದ್ದು ಹೀಗೆ. ಬುದ್ಧಿ ಹೇಳುವ ಕೆಲಸವನ್ನು ನಾನು ಮಾಡಲಿಲ್ಲ. ನಿನ್ನ ಪ್ರಾಜೆಕ್ಟ್ ಏನು ಅಂತ ನನಗೆ ಹೇಳು ಎಂದೆ. ಹೇಳುತ್ತ ಹೋದ, ನಮ್ಮ ಭಾಷೆಯಲ್ಲೇ, ನಲವತ್ತು ನಿಮಿಷ, ಒಮ್ಮೆಯೂ ತಡವರಿಸದೆ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದ. ಅದನ್ನೇ ಕೇಳಿಕೊಂಡು ಮೊದಲು ಕನ್ನಡದಲ್ಲಿ ಅಂಶಗಳನ್ನು ಬರೆದುಕೊಂಡ, ಆಮೇಲೆ ಇಂಗ್ಲಿಷಿಗೆ ಇಳಿಸಿದ. ಇಪ್ಪತ್ತು ಪುಟ ಆದಾಗ, ಮುಗಿಯುವ ಮೊದಲೇ, ಗೈಡ್ ಹತ್ತಿರ ಹೋಗಿ ತೋರಿಸು ಎಂದೆ. ಅದಕ್ಕೆ ಮಾತ್ರ ಎರಡು ದಿನ ಹಿಂದೇಟು ಹಾಕಿದ. ಕೊನೆಗೆ ಹೋದ. ಗೈಡ್ ಮೇಡಂ ಕೆಂಪು ಪೆನ್ನಿನಲ್ಲಿ ಗುರುತು ಮಾಡಿದ್ದು ಡಯಾಗ್ರಾಮುಗಳನ್ನು. ಇಂಗ್ಲಿಷಿನ ಬಗ್ಗೆ ಒಂದು ಮಾತೂ ಆಡಲಿಲ್ಲವಂತೆ. ತಡವಾದದ್ದಕ್ಕೆ ಅಂಕ ಕಡಿತವಾಗಿದೆ, ವೈವಾ ಆಗಿದೆ, ಈ ಅಂಕಣ ಬರೆಯುವ ಹೊತ್ತಿಗೆ ಫಲಿತಾಂಶ ಬಂದಿಲ್ಲ. ಅವರಪ್ಪನಿಗೆ ನಾನು ಹೇಳಿದ್ದು ಇಷ್ಟೇ: ಫೋನ್ ಮಾಡಿದಾಗ ‘ರಿಪೋರ್ಟ್ ಆತೇನು’ ಅಂತ ಕೇಳಬೇಡ್ರಿ, ‘ಇವತ್ತ ಎಲ್ಲಿ ಕುಂತಿದ್ದಿ’ ಅಂತ ಕೇಳ್ರಿ. ಮೊದಲನೆಯದಕ್ಕೆ ಉತ್ತರ ಕೊಡಲಾಗದೆ ಮಕ್ಕಳು ಫೋನ್ ಎತ್ತುವುದನ್ನೇ ಬಿಡುತ್ತಾರೆ.

ಫೋನ್ ಎತ್ತದಿರುವುದನ್ನು ಹಗುರವಾಗಿ ತೆಗೆದುಕೊಳ್ಳಬಾರದು ಎಂಬುದನ್ನೂ ಹೇಳಲೇಬೇಕು. ಎಲ್ಲ ತಡವೂ ಈ ಬಗೆಯದಲ್ಲ. ಊಟ, ನಿದ್ದೆ, ಗೆಳೆಯರು ಎಲ್ಲದರಲ್ಲೂ ಆಸಕ್ತಿ ಹೋಗಿದ್ದರೆ ಅದು ಖಿನ್ನತೆ ಇರಬಹುದು. ಚಿಕ್ಕಂದಿನಿಂದಲೂ ಒಂದೆಡೆ ಕೂರಲಾಗದ, ಶುರು ಮಾಡಿದ್ದನ್ನು ಮುಗಿಸಲಾಗದ ಪಾಡು ಇದ್ದರೆ ಎಡಿಎಚ್‌ಡಿ ಇರಬಹುದು. ಇವಕ್ಕೆ ಕ್ಷಮೆಯೂ ಸಾಲದು, ಏರ್ಪಾಡೂ ಸಾಲದು, ವೈದ್ಯರು ಬೇಕು. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಗೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ಸಂಖ್ಯೆ 14416, ಶುಲ್ಕವಿಲ್ಲ, ಕನ್ನಡದಲ್ಲೂ ಮಾತಾಡಬಹುದು. ದೆಹಲಿಯ ಹಾಸ್ಟೆಲಿನಲ್ಲಿ ಕೂತ ಹುಡುಗಿಗೆ ತನ್ನ ಸಂಕಟವನ್ನು ಹಿಂದಿಗೋ ಇಂಗ್ಲಿಷಿಗೋ ಅನುವಾದಿಸಿಕೊಳ್ಳದೆ ಹೇಳಬಹುದು ಎಂಬುದು ಸಣ್ಣ ವಿಷಯವಲ್ಲ. ಫೋನು, ಗೇಮುಗಳ ಹಿಡಿತ ಕೈಮೀರಿದವರಿಗೆ ನಿಮ್ಹಾನ್ಸ್‌ನಲ್ಲೇ 2014ರಿಂದ ‘ಶಟ್’ ಎಂಬ ಪ್ರತ್ಯೇಕ ಕ್ಲಿನಿಕ್ ಇದೆ.

ಕೊನೆಯದಾಗಿ ಹೊರನಾಡಿನ ನಮ್ಮ ಕನ್ನಡ ಸಂಘಗಳಿಗೆ ಒಂದು ಸಲಹೆ. ಪ್ರತಿಭಾ ಪುರಸ್ಕಾರವನ್ನು ನಾವು ತಪ್ಪದೆ ಮಾಡುತ್ತೇವೆ, ಶೇ. 90ರ ಮೇಲೆ ತೆಗೆದವರಿಗೆ ಶಾಲು, ಹಾರ, ಫೋಟೋ. ಮಾಡೋಣ, ಬೇಡವೆನ್ನುವುದಿಲ್ಲ. ಜೊತೆಗೆ ಸಂಘದ ಸಭಾಂಗಣವನ್ನು ಭಾನುವಾರ ಬೆಳಿಗ್ಗೆ ಮೂರು ಗಂಟೆ ಹೊತ್ತು ಊರಿಂದ ಓದಲು ಬಂದ ಮಕ್ಕಳಿಗೆ ತೆರೆದಿಡಬಹುದೇ? ಭಾಷಣ ಬೇಡ, ಮಾರ್ಗದರ್ಶನವೂ ಬೇಡ. ತಮ್ಮ ತಮ್ಮ ಅರ್ಧ ಮುಗಿದ ಕೆಲಸ ತಂದು ಒಬ್ಬರ ಪಕ್ಕ ಒಬ್ಬರು ಕೂತು ಬರೆಯಲಿ. ಇಂಗ್ಲಿಷ್ ಗಟ್ಟಿ ಇರುವ ಹಿರಿಯರು ಇಬ್ಬರು ಒಂದು ಮೂಲೆಯಲ್ಲಿ ಪೇಪರ್ ಓದುತ್ತ ಇರಲಿ, ಕೇಳಿದರೆ ಮಾತ್ರ ಎದ್ದು ಬರಲಿ. ನಮ್ಮ ಬಡಾವಣೆಯ ನಾಲ್ಕು ಮನೆಯವರು ಸೇರಿ ಮುಂದಿನ ತಿಂಗಳಿಂದ ಇದನ್ನು ಶುರು ಮಾಡುವವರಿದ್ದೇವೆ. ಮೇಜುಗಳು ಸಿಕ್ಕಿವೆ, ಚಹಾದ ಹೊಣೆ ಹಂಚಿಕೆಯಾಗಿದೆ. ಲ್ಯಾಪ್‌ಟಾಪುಗಳಿಗೆ ಎಕ್ಸ್‌ಟೆನ್ಷನ್ ಬೋರ್ಡ್ ಎರಡು ಕಮ್ಮಿ ಬಿದ್ದಿವೆ; ಪುಣೆಯ ಓದುಗರಲ್ಲಿ ಯಾರ ಮನೆಯಲ್ಲಾದರೂ ಸುಮ್ಮನೆ ಬಿದ್ದಿದ್ದರೆ ಪತ್ರಿಕೆಯ ಮೂಲಕ ತಿಳಿಸಿ, ನಾನೇ ಬಂದು ಒಯ್ಯುತ್ತೇನೆ.